ಹೊಟ್ಟೆಯ ಭಾಷೆಯಲ್ಲಿ ಮಾತಾಡುವ ರೋಗ

ನೆಮ್ಮಾರಿನ ಆ ಮನೆಯ ಅಡುಗೆಕೋಣೆಯ ಬಾಗಿಲ ಪಕ್ಕ ಒಂದು ಕ್ಯಾಲೆಂಡರು ತೂಗುತ್ತದೆ. ಹಾಲು ಎಷ್ಟು ಲೀಟರು, ತೋಟಕ್ಕೆ ಬಂದ ಆಳು ಎಷ್ಟು, ಗ್ಯಾಸ್ ಸಿಲಿಂಡರು ಹಚ್ಚಿದ ದಿನ ಯಾವುದು, ಹೀಗೆ ಮಲೆನಾಡಿನ ಎಲ್ಲ ಮನೆಗಳಲ್ಲಿರುವಂತೆ ಇಲ್ಲಿಯೂ ಸಂಸಾರದ ಲೆಕ್ಕವೆಲ್ಲ ಅದರ ಮೇಲೆಯೇ. ಆದರೆ ಕಳೆದ ಮಳೆಗಾಲದಿಂದೀಚೆಗಿನ ಪುಟಗಳಲ್ಲಿ ಕೆಲವು ತಾರೀಖುಗಳ ಮೂಲೆಯಲ್ಲಿ ಪೆನ್ಸಿಲಿನ ಸಣ್ಣ ಸೊನ್ನೆಗಳಿವೆ. ಅವು ಹಾಲಿನ ಲೆಕ್ಕವಲ್ಲ, ಆಳಿನ ಲೆಕ್ಕವೂ ಅಲ್ಲ. ಮನೆಯೊಡತಿಗೆ ಹೊಟ್ಟೆ ಉಬ್ಬಿದ ದಿನಗಳು ಅವು.

ಶೃಂಗೇರಿಯಿಂದ ಕೆರೆಕಟ್ಟೆಯತ್ತ ಹೋಗುವ ಹೆದ್ದಾರಿಯಲ್ಲಿ, ತುಂಗೆಯ ಮಗ್ಗುಲಲ್ಲೇ ಇರುವ ಊರು ನೆಮ್ಮಾರು. ಹೆಸರು ಬೇಡವೆಂದ ಈ ಗೃಹಿಣಿಗೆ ಐವತ್ತು ದಾಟಿದೆ. ಎರಡು ತುತ್ತು ಉಂಡರೆ ಹೊಟ್ಟೆ ತುಂಬಿದಂತಾಗುವುದು, ಸಂಜೆಗೆ ಸೀರೆಯ ಗಂಟು ಬಿಗಿಯುವುದು, ಒಂದು ದಿನ ಮಲಬದ್ಧತೆ, ಮರುದಿನ ಅದಕ್ಕೆ ವಿರುದ್ಧ. ಮೊದಲು ಜೀರಿಗೆ ಕಷಾಯ ಆಯಿತು. ಆಮೇಲೆ ಓಮದ ನೀರು, ಇಂಗು ಹಾಕಿದ ಮಜ್ಜಿಗೆ, ಮುರುಗಲ ಹಣ್ಣಿನ ಸಾರು. ಅಂಗಡಿಯಿಂದ ತಂದ ‘ಗ್ಯಾಸ್ಟ್ರಿಕ್ ಮಾತ್ರೆ’ಯೂ ಆಯಿತು. ಇಷ್ಟಾದರೆ ಬರೆಯುವಂಥದ್ದೇನೂ ಇರಲಿಲ್ಲ. ಆದರೆ ಅವರ ಬಳಗದಲ್ಲಿ ಒಬ್ಬಾಕೆ ಇದೇ ರೀತಿ ಹೊಟ್ಟೆಯುಬ್ಬರಕ್ಕೆ ತಿಂಗಳುಗಟ್ಟಲೆ ಕಷಾಯ ಕುಡಿದು, ಕೊನೆಗೆ ಘಟ್ಟ ಇಳಿದಾಗ ಅಂಡಾಶಯದ ಕ್ಯಾನ್ಸರ್ ಎಂದು ಗೊತ್ತಾಗಿ ತೀರಿಕೊಂಡಿದ್ದರು. ಅಂದಿನಿಂದ ಇವರಿಗೆ ಹೊಟ್ಟೆ ಗುಡುಗುಡು ಎಂದರೆ ಎದೆ ಡವಡವ. ರಾತ್ರಿ ಎಚ್ಚರವಾದಾಗಲೆಲ್ಲ ಕೈ ತಾನಾಗಿ ಕಿಬ್ಬೊಟ್ಟೆಗೆ ಹೋಗುತ್ತದೆಯಂತೆ.

ಈ ಭಯ ಅವರೊಬ್ಬರದಲ್ಲ. ಇದಕ್ಕೆ ದೊಡ್ಡ ಚರಿತ್ರೆಯೇ ಇದೆ. ಹೆಣ್ಣಿನ ಹೊಟ್ಟೆಯೊಳಗೆ ಏನಿದೆ ಎಂಬುದನ್ನು ಹೊರಗಿನಿಂದ ಓದಲು ಮನುಷ್ಯ ಪಟ್ಟ ಪಾಡಿನ ಚರಿತ್ರೆ ಅದು.

ಮಲೆನಾಡಿನಿಂದಲೇ ಶುರು ಮಾಡೋಣ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಳೆಯ ತಲೆಮಾರಿನವರಿಗೆ ‘ಜ್ವರಗಡ್ಡೆ’ ಎಂಬ ಮಾತು ಗೊತ್ತು. ಮತ್ತೆಮತ್ತೆ ಮಲೇರಿಯ ಬಂದು ಗುಲ್ಮ ದೊಡ್ಡದಾಗಿ, ಎಡಪಕ್ಕೆಯ ಕೆಳಗೆ ಗಟ್ಟಿಯಾಗಿ ಕೈಗೆ ಸಿಗುತ್ತಿತ್ತು. ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ. ಈ ಸೀಮೆಯಲ್ಲಿ ಉಬ್ಬಿದ ಹೊಟ್ಟೆ ಎಂದರೆ ಮೊದಲು ನೆನಪಾಗುತ್ತಿದ್ದುದು ಅದೇ. 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯದ ಅಧ್ಯಯನ ಆರಂಭಿಸಿತು. ಆ ಕಾಲದಲ್ಲಿ ಒಂದು ಊರಿನ ಮಲೇರಿಯವನ್ನು ಅಳೆಯಲು ವೈದ್ಯರು ಬಳಸುತ್ತಿದ್ದ ಮುಖ್ಯ ಉಪಾಯಗಳಲ್ಲಿ ಒಂದು ಬಹಳ ಸರಳ. ಊರಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಹೊಟ್ಟೆಯನ್ನೂ ಒತ್ತಿ ನೋಡುವುದು. ನೂರರಲ್ಲಿ ಎಷ್ಟು ಮಕ್ಕಳ ಗುಲ್ಮ ಕೈಗೆ ಸಿಗುತ್ತದೆ ಎಂಬುದೇ ಆ ಊರಿನ ರೋಗದ ಅಳತೆ. ಎರಡನೆಯ ಮಹಾಯುದ್ಧದ ನಂತರ ಡಿ.ಡಿ.ಟಿ. ಬಂತು, 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ ಬಂತು, ಜ್ವರಗಡ್ಡೆ ಮಾತಿನಲ್ಲಿ ಮಾತ್ರ ಉಳಿಯಿತು.

ಗುಲ್ಮ ಎಂಬ ಪದವನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಇಂದು ನಾವು ಪಕ್ಕೆಯೊಳಗಿನ ಆ ಒಂದು ಅಂಗಕ್ಕೆ ಗುಲ್ಮ ಎನ್ನುತ್ತೇವೆ. ಆಯುರ್ವೇದದ ಚರಕಸಂಹಿತೆಯಲ್ಲಿ ಮಾತ್ರ ಗುಲ್ಮ ಅಂಗವಲ್ಲ, ರೋಗ. ಹೊಟ್ಟೆಯಲ್ಲಿ ಗಡ್ಡೆಯಂತೆ ಕೈಗೆ ಸಿಗುವ ಬಾಧೆ. ಚರಕ ಅದರಲ್ಲಿ ಐದು ಬಗೆ ಹೇಳುತ್ತಾನೆ. ಐದನೆಯದು ರಕ್ತಗುಲ್ಮ, ಅದು ಹೆಂಗಸರಿಗೆ ಮಾತ್ರ ಬರುವಂಥದ್ದು. ಲಕ್ಷಣಗಳೆಲ್ಲ ಬಸುರಿಯವೇ. ವ್ಯತ್ಯಾಸ ಒಂದೇ: ಗರ್ಭವಾದರೆ ಕೈಕಾಲು ಆಡಿಸುತ್ತದೆ, ಇದು ಉಂಡೆಗಟ್ಟಿದಂತೆ ಒಟ್ಟಾಗಿಯೇ ಮಿಡಿಯುತ್ತದೆ, ಜೊತೆಗೆ ನೋವು. ಹಾಗಾದರೆ ಚಿಕಿತ್ಸೆ ಯಾವಾಗ? ಹತ್ತು ತಿಂಗಳು ಕಳೆದ ಮೇಲೆ. ಅಂದರೆ ಗರ್ಭವಲ್ಲ ಎಂದು ಖಾತ್ರಿಯಾಗುವ ತನಕ ಕೈ ಹಚ್ಚಬಾರದು. ರಕ್ತಗುಲ್ಮ ಎಂದರೆ ಇಂದಿನ ಅಂಡಾಶಯದ ಗಡ್ಡೆಯೇ ಎಂದು ಹೇಳಲಾಗದು. ಹಳೆಯ ಹೆಸರಿಗೆ ಹೊಸ ರೋಗವನ್ನು ತಗಲಿಸುವುದು ಸುಲಭ, ಸರಿಯಲ್ಲ. ಆದರೆ ಹೊರಗಿನಿಂದ ಕೈಯಿಟ್ಟು ನೋಡುವ ವೈದ್ಯನ ಪೇಚು ಆ ಸಾಲುಗಳಲ್ಲಿ ಚೆನ್ನಾಗಿ ಕಾಣುತ್ತದೆ. ಒಳಗಿರುವುದು ಜೀವವೋ ಗಡ್ಡೆಯೋ ಎಂದು ತಿಳಿಯಲು ಅವನ ಬಳಿ ಇದ್ದ ದೊಡ್ಡ ಉಪಕರಣ ಕಾಲ.

ಇದೇ ಪೇಚು ಎಷ್ಟೋ ಶತಮಾನಗಳ ಮೇಲೆ ಅಮೆರಿಕದ ಕೆಂಟಕಿಯಲ್ಲಿ ಮತ್ತೆ ಎದುರಾಯಿತು. 1809ರ ಡಿಸೆಂಬರಿನಲ್ಲಿ ಎಫ್ರೇಮ್ ಮ್ಯಾಕ್‌ಡೊವೆಲ್ ಎಂಬ ವೈದ್ಯನಿಗೆ ದೂರದ ಹಳ್ಳಿಯೊಂದರಿಂದ ಕರೆ ಬಂತು. ಜೇನ್ ಟಾಡ್ ಕ್ರಾಫರ್ಡ್ ಎಂಬ 46 ವರ್ಷದ ಹೆಂಗಸು. ಹೊಟ್ಟೆ ವಿಪರೀತ ಬೆಳೆದಿದೆ, ದಿನ ತುಂಬಿ ಎಷ್ಟೋ ಆಗಿದೆ, ಹೆರಿಗೆ ಮಾತ್ರ ಆಗುತ್ತಿಲ್ಲ ಎಂದು ಅಲ್ಲಿನ ವೈದ್ಯರ ಹೇಳಿಕೆ. ಮ್ಯಾಕ್‌ಡೊವೆಲ್ ಪರೀಕ್ಷಿಸಿ ನೋಡಿದ. ಮಗು ಇರಲಿಲ್ಲ, ಇದ್ದುದು ಅಂಡಾಶಯದ ಗಡ್ಡೆ. ಹೊಟ್ಟೆ ಕೊಯ್ದು ಗಡ್ಡೆ ತೆಗೆದದ್ದು ತನಗೆ ತಿಳಿದ ಮಟ್ಟಿಗೆ ಯಾರೂ ಇಲ್ಲ, ಬದುಕುವ ಭರವಸೆ ಕೊಡಲಾರೆ ಎಂದು ನೇರವಾಗಿಯೇ ಹೇಳಿದ. ಆಕೆ ಒಪ್ಪಿದಳು. 60 ಮೈಲಿ ಕುದುರೆಯ ಮೇಲೆ, ಗಡ್ಡೆಯ ಭಾರವನ್ನು ಜೀನಿನ ಮುಂಭಾಗಕ್ಕೆ ಒರಗಿಸಿಕೊಂಡು, ಅವನ ಊರಾದ ಡ್ಯಾನ್‌ವಿಲ್‌ಗೆ ಬಂದಳು. ಕ್ರಿಸ್‌ಮಸ್ ದಿನ ಶಸ್ತ್ರಚಿಕಿತ್ಸೆ ನಡೆಯಿತೆಂದು ಪ್ರತೀತಿ. ಪ್ರಜ್ಞೆ ತಪ್ಪಿಸುವ ಈಥರ್ ಬಳಕೆಗೆ ಬರಲು ಇನ್ನೂ 37 ವರ್ಷ ಬೇಕಿತ್ತು. ಆಕೆ ದೇವರ ಕೀರ್ತನೆಗಳನ್ನು ಹೇಳಿಕೊಳ್ಳುತ್ತ ಮಲಗಿದ್ದಳು. 25 ನಿಮಿಷಗಳಲ್ಲಿ 22.5 ಪೌಂಡು, ಅಂದರೆ ಸುಮಾರು 10 ಕಿಲೋ ತೂಕದ ಗಡ್ಡೆ ಹೊರಬಂತು. ಐದನೆಯ ದಿನ ವೈದ್ಯ ಬಂದು ನೋಡಿದರೆ ರೋಗಿ ಎದ್ದು ತನ್ನ ಹಾಸಿಗೆ ಸರಿಪಡಿಸುತ್ತಿದ್ದಳಂತೆ! ಮುಂದೆ 32 ವರ್ಷ ಬದುಕಿ 1842ರಲ್ಲಿ ತೀರಿಕೊಂಡಳು.

ಮ್ಯಾಕ್‌ಡೊವೆಲ್ 1817ರಲ್ಲಿ ಇದರ ವರದಿ ಪ್ರಕಟಿಸಿದ. ಜೊತೆಗೆ ಇನ್ನೆರಡು ಶಸ್ತ್ರಚಿಕಿತ್ಸೆಗಳ ವಿವರವನ್ನೂ ಸೇರಿಸಿದ. ಆ ಇಬ್ಬರೂ ಕಪ್ಪು ಹೆಂಗಸರು. ವರದಿಯಲ್ಲಿ ಅವರ ಹೆಸರಿಲ್ಲ. ಜೇನ್ ಕ್ರಾಫರ್ಡಳ ಧೈರ್ಯವನ್ನು ಕೊಂಡಾಡುವಾಗ, ಬೇಡ ಎನ್ನುವ ಅವಕಾಶವಾದರೂ ಅವರಿಗಿತ್ತೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇರಲಿ. ಹತ್ತು ಕಿಲೋ ತೂಕದ ಗಡ್ಡೆಯನ್ನು ಕೈ ಗುರುತಿಸಬಲ್ಲದು. ನಿಂಬೆಹಣ್ಣಿನಷ್ಟಿರುವಾಗ ಗುರುತಿಸುವುದು ಹೇಗೆ? ಅಂಡಾಶಯದ ಕ್ಯಾನ್ಸರಿನ ಇಡೀ ಸಮಸ್ಯೆ ಇಲ್ಲಿದೆ. ಬಾದಾಮಿ ಗಾತ್ರದ ಎರಡು ಅಂಡಾಶಯಗಳು ಕಿಬ್ಬೊಟ್ಟೆಯ ಆಳದಲ್ಲಿ ಸಡಿಲವಾಗಿ ತೂಗಿಕೊಂಡಿರುತ್ತವೆ. ಅಲ್ಲಿ ಗಡ್ಡೆ ಬೆಳೆದರೆ ಬಹಳ ದಿನ ಯಾವುದಕ್ಕೂ ಒತ್ತುವುದಿಲ್ಲ. ಆದರೆ ರೋಗದ ಕಣಗಳು ಉದುರಿ, ಕರುಳುಗಳ ನಡುವೆ ಸದಾ ಇರುವ ತೆಳ್ಳಗಿನ ದ್ರವದಲ್ಲಿ ತೇಲಿ, ಕರುಳಿನ ಮೇಲೆ ಪರದೆಯಂತೆ ಹರಡಿರುವ ಕೊಬ್ಬಿನ ಪದರದಲ್ಲಿ ನೆಲೆಯೂರುತ್ತವೆ. ದ್ರವ ಹೆಚ್ಚುತ್ತದೆ, ಹೊಟ್ಟೆ ಉಬ್ಬುತ್ತದೆ. ಜಠರಕ್ಕೆ ಜಾಗ ಸಾಲದೆ ಎರಡು ತುತ್ತಿಗೇ ಸಾಕೆನಿಸುತ್ತದೆ. ಕರುಳು ನಿಧಾನವಾಗುತ್ತದೆ. ಮೂತ್ರಕೋಶಕ್ಕೆ ಒತ್ತಡ ಬಿದ್ದು ಪದೇಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ಇವುಗಳಲ್ಲಿ ಒಂದಾದರೂ ಹೆಣ್ಣಿನ ಅಂಗದ ಕಾಯಿಲೆಯಂತೆ ಕೇಳಿಸುತ್ತದೆಯೇ? ಎಲ್ಲವೂ ಅಜೀರ್ಣದ ಮಾತು. ಹಾಗಾಗಿ ರೋಗಿ ಹೋಗುವುದು ಕಷಾಯದ ಪಾತ್ರೆಗೆ, ವೈದ್ಯ ಬರೆದುಕೊಡುವುದು ಗ್ಯಾಸಿನ ಮಾತ್ರೆ. ಇತ್ತೀಚಿನ ಸಂಶೋಧನೆಗಳ ಪ್ರಕಾರ ಈ ರೋಗದ ಬಹುಪಾಲು ಶುರುವಾಗುವುದು ಅಂಡಾಶಯದಲ್ಲೂ ಅಲ್ಲ, ಅದಕ್ಕೆ ಹತ್ತಿಕೊಂಡಿರುವ ಗರ್ಭನಾಳದ ತುದಿಯಲ್ಲಿ. ಅದು ಇನ್ನೂ ಸೂಕ್ಷ್ಮದ ಜಾಗ.

ಕ್ಯಾನ್ಸರನ್ನು ಹೊಟ್ಟೆಯ ಸಾಮಾನ್ಯ ಬಾಧೆಯೆಂದು ಭ್ರಮಿಸಿದ್ದರ ಫಲ ನಮ್ಮ ದಕ್ಷಿಣದಲ್ಲಿಯೇ ಒಂದು ದೊಡ್ಡ ಸಂಸ್ಥೆಯ ಹುಟ್ಟಿಗೆ ಕಾರಣವಾಯಿತು. ಮದರಾಸಿನಲ್ಲಿ 1912ರಲ್ಲಿ ವೈದ್ಯ ಪದವಿ ಪಡೆದ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ತಂಗಿಗೆ ಬಂದದ್ದು ಗುದನಾಳದ ಕ್ಯಾನ್ಸರ್. ಮೊದಮೊದಲು ಅದನ್ನು ಆಮಶಂಕೆಯೆಂದೇ ತಿಳಿಯಲಾಗಿತ್ತು. 1923ರಲ್ಲಿ ತಂಗಿ ತೀರಿಕೊಂಡರು. ಅಕ್ಕ ಸ್ವತಃ ವೈದ್ಯೆ. ಆ ಸಂಕಟ ಅವರನ್ನು ಬಿಡಲಿಲ್ಲ. ಮೂರು ದಶಕಗಳ ಪಟ್ಟು ಬಿಡದ ಪ್ರಯತ್ನದ ನಂತರ 1954ರಲ್ಲಿ ಅಡಯಾರಿನ ಕ್ಯಾನ್ಸರ್ ಸಂಸ್ಥೆ ಬಾಗಿಲು ತೆರೆಯಿತು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಆಸ್ಪತ್ರೆ ಬಂದದ್ದು 1973ರಲ್ಲಿ. 1980ರಲ್ಲಿ ಅದು ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಮಲೆನಾಡಿನವರಿಗೆ ಬೆಂಗಳೂರಿಗಿಂತ ಘಟ್ಟ ಇಳಿದು ಕಾರ್ಕಳ, ಮಣಿಪಾಲಕ್ಕೆ ಹೋಗುವುದೇ ಹತ್ತಿರ. ಅಲ್ಲಿನ ವೈದ್ಯಕೀಯ ಕಾಲೇಜು 1953ರದ್ದು. ಹತ್ತಿರ ಎಂದೆನಾದರೂ, ಘಟ್ಟದ ಮಳೆ ನೋಡಿದವರಿಗೆ ಆ ಹತ್ತಿರದ ಅರ್ಥ ಗೊತ್ತು. ಕೊನೆ ಕೊಯ್ಲು ಮುಗಿಯಲಿ, ಮಳೆ ನಿಲ್ಲಲಿ, ಮಗಳ ಬಾಣಂತನ ಕಳೆಯಲಿ ಎಂದು ಮುಂದಕ್ಕೆ ಹಾಕಿದ ಪ್ರಯಾಣಗಳು ಈ ದಾರಿಯಲ್ಲಿ ಎಷ್ಟಿವೆಯೋ.

ವಿದ್ಯೆ, ಊರು, ಹಣ ಇದ್ದವರಿಗೂ ಈ ರೋಗ ಸುಲಭವಾಗಿ ಪತ್ತೆಯಾಗಲಿಲ್ಲ. ಡಿ.ಎನ್.ಎ.ಯ ರಚನೆಯನ್ನು ತೋರಿಸಿಕೊಟ್ಟ ಎಕ್ಸ್‌ರೇ ಚಿತ್ರಗಳ ವಿಜ್ಞಾನಿ ರೊಸಾಲಿಂಡ್ ಫ್ರಾಂಕ್ಲಿನ್ 1956ರಲ್ಲಿ ಅಮೆರಿಕ ಪ್ರವಾಸದಲ್ಲಿದ್ದಾಗ ತಮ್ಮ ಲಂಗ ಸೊಂಟಕ್ಕೆ ಕೂರದಿರುವುದನ್ನು ಗಮನಿಸಿದರು. ಲಂಡನ್ನಿಗೆ ಮರಳಿ ವೈದ್ಯೆಯ ಬಳಿ ಹೋದಾಗ ಮೊದಲು ಎದುರಾದ ಪ್ರಶ್ನೆ, ಗರ್ಭಿಣಿಯಲ್ಲವಷ್ಟೆ ಎಂಬುದು. ಚರಕನ ಕಾಲದ ಪ್ರಶ್ನೆಯೇ! ಸೆಪ್ಟೆಂಬರಿನಲ್ಲಿ ಶಸ್ತ್ರಚಿಕಿತ್ಸೆಯಾದಾಗ ಎರಡು ಗಡ್ಡೆಗಳು ಸಿಕ್ಕವು. 1958ರ ಏಪ್ರಿಲ್ 16ರಂದು, 37ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅಮೆರಿಕದ ಹಾಸ್ಯನಟಿ ಗಿಲ್ಡಾ ರಾಡ್ನರ್ ಹತ್ತು ತಿಂಗಳು ಸುಸ್ತು, ಹೊಟ್ಟೆನೋವು ಎಂದು ಒಬ್ಬ ವೈದ್ಯರಿಂದ ಮತ್ತೊಬ್ಬರ ಬಳಿ ಅಲೆದರು. 1986ರ ಅಕ್ಟೋಬರಿನಲ್ಲಿ ಅಂಡಾಶಯದ ಕ್ಯಾನ್ಸರ್ ಎಂದು ತಿಳಿಯಿತು. 1989ರಲ್ಲಿ, 42ನೆಯ ವಯಸ್ಸಿಗೆ, ಅವರೂ ಹೋದರು.

ಇದಕ್ಕೆ ತದ್ವಿರುದ್ಧದ ಪ್ರಸಂಗವೂ ಒಂದುಂಟು. ಭಯದಲ್ಲಿರುವವರಿಗೆ ಅದನ್ನು ಹೇಳಲೇಬೇಕು. ಫ್ರಾಂಕ್ಲಿನ್ ತೀರಿಕೊಂಡ ಎರಡು ತಿಂಗಳಿಗೆ, 1958ರ ಜೂನಿನಲ್ಲಿ, ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಒಂದು ಲೇಖನ ಬಂತು. ಬರೆದವರು ಪ್ರಸೂತಿ ಪ್ರಾಧ್ಯಾಪಕ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು. ಕಾರ್ಖಾನೆಗಳಲ್ಲಿ ಲೋಹದೊಳಗಿನ ಬಿರುಕು ಪತ್ತೆ ಮಾಡಲು ಶ್ರವಣಾತೀತ ಶಬ್ದದ ಯಂತ್ರ ಬಳಸುತ್ತಿದ್ದರು. ಅದನ್ನು ಹೆಂಗಸರ ಹೊಟ್ಟೆಯ ಮೇಲೆ ಹಿಡಿದರೆ ಹೇಗೆ ಎಂದು ಡೊನಾಲ್ಡ್ ಯೋಚಿಸಿದರು. 1955ರಲ್ಲಿ ಬಾಯ್ಲರ್ ಕಾರ್ಖಾನೆಯೊಂದಕ್ಕೆ ತಾವು ತೆಗೆದ ಗಡ್ಡೆಗಳನ್ನೇ ಕಾರಿನಲ್ಲಿ ತುಂಬಿಕೊಂಡು ಹೋಗಿ ಪರೀಕ್ಷಿಸಿದರು. ಮುಂದೆ ಟಾಮ್ ಬ್ರೌನ್ ಎಂಬ ತರುಣ ಎಂಜಿನಿಯರ್ ಜೊತೆಯಾದ. ಹೀಗಿರುವಾಗ ಒಬ್ಬ ಹೆಂಗಸು ಸಿಕ್ಕಳು. ಹೊಟ್ಟೆ ಉಬ್ಬಿ, ಮೈ ಇಳಿದು, ಜಠರದ ಕ್ಯಾನ್ಸರ್, ಇನ್ನು ಮಾಡುವುದೇನಿಲ್ಲ ಎಂದು ಬೇರೆ ವೈದ್ಯರು ಕೈಬಿಟ್ಟಿದ್ದ ರೋಗಿ. ಯಂತ್ರ ಇಟ್ಟು ನೋಡಿದರೆ ಒಳಗೆ ಕಂಡದ್ದು ದ್ರವ ತುಂಬಿದ ಭಾರಿ ಚೀಲ. ಅಂಡಾಶಯದ ನಿರಪಾಯಕಾರಿ ಗಡ್ಡೆ! ತೆಗೆದರು, ಆಕೆ ಬದುಕಿದಳು. ಇಂದು ಕೊಪ್ಪ, ಶೃಂಗೇರಿಯವರು ‘ಸ್ಕ್ಯಾನಿಂಗ್’ ಎಂದು ಸಲೀಸಾಗಿ ಹೇಳುವ ಪರೀಕ್ಷೆಯ ಬಾಲ್ಯ ಇದು. ಬಸುರಿಯರ ಪರೀಕ್ಷೆ ಎಂದೇ ಪ್ರಸಿದ್ಧವಾದ ಸ್ಕ್ಯಾನಿಂಗಿನ ಮೊದಲ ಲೇಖನದ ಶೀರ್ಷಿಕೆಯಲ್ಲಿ ಇದ್ದುದು ಹೊಟ್ಟೆಯ ಗಡ್ಡೆಗಳು.

ಯಂತ್ರ ಬಂದರೂ ಒಂದು ಹಳೆಯ ಮಾತು ಹೋಗಲಿಲ್ಲ. ಪಠ್ಯಪುಸ್ತಕಗಳು ಈ ರೋಗವನ್ನು ‘ಮೌನ ಕೊಲೆಗಾರ’ ಎಂದೇ ಕರೆಯುತ್ತ ಬಂದವು. ಲಕ್ಷಣಗಳೇ ಇಲ್ಲ ಎಂದ ಮೇಲೆ ಕೇಳುವುದೇನು? ಅಮೆರಿಕದ ಸಿಯಾಟಲ್‌ನ ವೈದ್ಯೆ ಬಾರ್ಬರಾ ಗಾಫ್ ಕೇಳಿದರು. ಅಂಡಾಶಯದ ಕ್ಯಾನ್ಸರ್ ಆಗಿದ್ದ 1,725 ಹೆಂಗಸರಿಂದ ಉತ್ತರ ತರಿಸಿಕೊಂಡು 2000ದಲ್ಲಿ ಪ್ರಕಟಿಸಿದರು. ನೂರರಲ್ಲಿ 95 ಮಂದಿಗೆ ರೋಗ ಪತ್ತೆಯಾಗುವ ಮೊದಲೇ ಲಕ್ಷಣಗಳಿದ್ದವು. ರೋಗ ಇನ್ನೂ ಆರಂಭದ ಹಂತದಲ್ಲಿದ್ದವರಲ್ಲಿಯೂ ನೂರಕ್ಕೆ 89 ಮಂದಿ ಹಾಗೆಯೇ ಹೇಳಿದ್ದರು. ಅವುಗಳಲ್ಲಿ ಹೆಚ್ಚಿನವು ಹೊಟ್ಟೆ ಮತ್ತು ಜೀರ್ಣಕ್ಕೆ ಸೇರಿದ ದೂರುಗಳು. ರೋಗ ಮೌನವಾಗಿರಲಿಲ್ಲ. ಕೇಳುವ ಕಿವಿ ಬೇರೆ ಕಡೆ ಇತ್ತು.

ಗಾಫ್ ಮತ್ತು ಸಂಗಡಿಗರು ಅಲ್ಲಿಗೆ ನಿಲ್ಲಿಸಲಿಲ್ಲ. ಹೊಟ್ಟೆಯುಬ್ಬರ ಯಾರಿಗಿಲ್ಲ? ಹಲಸಿನಹಣ್ಣು ತಿಂದ ರಾತ್ರಿ ನಮಗೆಲ್ಲ ಇದೆ. ಹಾಗಾಗಿ ರೋಗವಿಲ್ಲದ ಹೆಂಗಸರನ್ನೂ ಕೇಳಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ವ್ಯತ್ಯಾಸ ಲಕ್ಷಣದ ಜಾತಿಯಲ್ಲಿ ಇರಲಿಲ್ಲ. ಅದು ಎಷ್ಟು ಹೊಸತು, ತಿಂಗಳಿಗೆ ಎಷ್ಟು ದಿನ ಎಂಬುದರಲ್ಲಿ ಇತ್ತು. 2007ರಲ್ಲಿ ಅವರು ಮುಂದಿಟ್ಟ ಸೂತ್ರ ಹೀಗಿದೆ: ಹೊಟ್ಟೆ ಅಥವಾ ಕಿಬ್ಬೊಟ್ಟೆಯ ನೋವು, ಹೊಟ್ಟೆಯುಬ್ಬರ ಅಥವಾ ಹೊಟ್ಟೆಯ ಸುತ್ತಳತೆ ಹೆಚ್ಚುವುದು, ಉಣ್ಣಲಾಗದಿರುವುದು ಅಥವಾ ಬೇಗ ಹೊಟ್ಟೆ ತುಂಬಿದಂತಾಗುವುದು. ಇವುಗಳಲ್ಲಿ ಒಂದಾದರೂ ಶುರುವಾಗಿ ಇನ್ನೂ ಒಂದು ವರ್ಷ ಕಳೆದಿಲ್ಲ, ಆದರೆ ತಿಂಗಳಲ್ಲಿ 12ಕ್ಕಿಂತ ಹೆಚ್ಚು ದಿನ ಬರುತ್ತಿದೆ ಎಂದಾದರೆ ಪರೀಕ್ಷಿಸಿಕೊಳ್ಳಬೇಕು. ಪದೇಪದೇ ಮೂತ್ರಕ್ಕೆ ಹೋಗಬೇಕಾಗುವುದನ್ನೂ ತಜ್ಞರು ಎಚ್ಚರಿಕೆಯ ಲಕ್ಷಣಗಳಿಗೆ ಸೇರಿಸಿದ್ದಾರೆ. ಇಪ್ಪತ್ತು ವರ್ಷದಿಂದ ಇರುವ ವಾಯು ಬೇರೆ, ಕಳೆದ ಯುಗಾದಿಯಿಂದೀಚೆಗೆ ಬಂದು ಬಿಡದೆ ಕಾಡುವ ವಾಯು ಬೇರೆ. ಬ್ರಿಟನ್ನಿನ ಸರ್ಕಾರಿ ವೈದ್ಯಕೀಯ ಮಾರ್ಗಸೂಚಿ 2011ರಲ್ಲಿ ಇನ್ನೊಂದು ಮಾತು ಹೇಳಿತು. ಕರುಳಿನ ಕಿರಿಕಿರಿ ರೋಗ, ವೈದ್ಯರು ‘ಐ.ಬಿ.ಎಸ್.’ ಎನ್ನುವುದು, ಐವತ್ತು ದಾಟಿದ ಮೇಲೆ ಮೊದಲ ಸಲ ಕಾಣಿಸಿಕೊಳ್ಳುವುದು ಅಪರೂಪ. ಆ ವಯಸ್ಸಿನಲ್ಲಿ ಅಂಥ ದೂರು ಹೊಸದಾಗಿ ಬಂದರೆ ಅಂಡಾಶಯವನ್ನು ಮರೆಯಬೇಡಿ ಎಂದು.

ನೆಮ್ಮಾರಿನ ಕ್ಯಾಲೆಂಡರಿನ ಸೊನ್ನೆಗಳ ಗುಟ್ಟು ಇದು. ಅವರನ್ನು ನೋಡಿದ ವೈದ್ಯೆ, ‘ಯಾವಾಗಲೂ ಉಬ್ಬುತ್ತದೆ’ ಎಂಬ ಉತ್ತರಕ್ಕೆ ಒಪ್ಪದೆ, ತಿಂಗಳಿಗೆ ಎಷ್ಟು ದಿನ ಎಂದು ಕೇಳಿದ್ದರು. ಇವರಿಗೆ ಗೊತ್ತಿರಲಿಲ್ಲ. ಭಯಕ್ಕೆ ದಿನದ ಲೆಕ್ಕ ಇರುವುದಿಲ್ಲ.

ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ. ಸಿಯಾಟಲ್‌ನಲ್ಲಿಯೇ ನಡೆದು 2010ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಈ ಸೂತ್ರವನ್ನು ತಿರುಗಿಸಿ ನೋಡಿತು. ಇಂಥ ಲಕ್ಷಣಗಳಿರುವ ಹೆಂಗಸರಲ್ಲಿ ಎಷ್ಟು ಮಂದಿಗೆ ನಿಜವಾಗಿ ಈ ಕ್ಯಾನ್ಸರ್ ಇರುತ್ತದೆ? ಉತ್ತರ, ಸುಮಾರು ನೂರರಲ್ಲಿ ಒಬ್ಬರಿಗೆ. ಉಳಿದ ತೊಂಬತ್ತೊಂಬತ್ತು ಮಂದಿಯ ಹೊಟ್ಟೆ ಬೇರೆ ಏನನ್ನೋ ಹೇಳುತ್ತಿರುತ್ತದೆ. ಭಾರತದಲ್ಲಿ 2022ರಲ್ಲಿ ಸುಮಾರು 47 ಸಾವಿರ ಹೆಂಗಸರಿಗೆ ಅಂಡಾಶಯದ ಕ್ಯಾನ್ಸರ್ ಹೊಸದಾಗಿ ಬಂತೆಂದು ಅಂತರರಾಷ್ಟ್ರೀಯ ಅಂದಾಜು. ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರಿನ ನಂತರದ ಸ್ಥಾನ ಇದರದು. ಸಣ್ಣ ಸಂಖ್ಯೆಯೇನಲ್ಲ. ಆದರೆ ಹೊಟ್ಟೆ ಉಬ್ಬುವವರ ಕೋಟಿಗಳ ಮುಂದೆ ಅದು ಅಲ್ಪವೇ.

ಹಾಗಾದರೆ ಎಲ್ಲರಿಗೂ ಒಂದು ರಕ್ತಪರೀಕ್ಷೆ ಮಾಡಿಬಿಟ್ಟರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ‘ಸಿ.ಎ. 125’ ಎಂಬ ಪರೀಕ್ಷೆ ಇದೆ. ಅಮೆರಿಕದ ರಾಬರ್ಟ್ ಬಾಸ್ಟ್ ಮತ್ತು ಸಂಗಡಿಗರ 1981ರ ಶೋಧದಿಂದ ಬಂದದ್ದು. 35ರ ಒಳಗಿದ್ದರೆ ಸಾಮಾನ್ಯ ಎನ್ನುವುದು ರೂಢಿ. ಆದರೆ ಈ ಸಂಖ್ಯೆ ಮುಟ್ಟಿನ ದಿನಗಳಲ್ಲೂ ಏರಬಹುದು, ಗರ್ಭಕೋಶದ ನಾರುಗಡ್ಡೆಯಲ್ಲೂ ಏರಬಹುದು, ಯಕೃತ್ತಿನ ಕಾಯಿಲೆಯಲ್ಲೂ ಏರಬಹುದು. ರೋಗದ ಆರಂಭದ ಹಂತದಲ್ಲಿಯೋ, ಏರದೆಯೂ ಇರಬಹುದು. ಬ್ರಿಟನ್ನಿನಲ್ಲಿ 2001ರಿಂದ 2005ರ ನಡುವೆ 2,02,638 ಹೆಂಗಸರನ್ನು ಸೇರಿಸಿಕೊಂಡು, ಲಕ್ಷಣವಿಲ್ಲದವರಿಗೂ ವರ್ಷವರ್ಷ ಪರೀಕ್ಷೆ ಮಾಡಿದರೆ ಸಾವು ಕಡಿಮೆಯಾಗುತ್ತದೆಯೇ ಎಂದು ನೋಡಿದರು. ಕೊನೆಯ ಫಲಿತಾಂಶ 2021ರಲ್ಲಿ ಬಂತು. ಸಾವು ಕಡಿಮೆಯಾಗಲಿಲ್ಲ. ಆರೋಗ್ಯ ಶಿಬಿರಗಳಲ್ಲಿ ‘ಕ್ಯಾನ್ಸರ್ ಪತ್ತೆ ಪ್ಯಾಕೇಜು’ ಎಂದು ಈ ಪರೀಕ್ಷೆಯನ್ನು ಎಲ್ಲರಿಗೂ ಮಾರುವವರಿಗೆ ಈ ಸುದ್ದಿ ಇನ್ನೂ ತಲುಪಿದಂತಿಲ್ಲ. ಲಕ್ಷಣ ಇರುವವರಿಗೆ, ಸ್ಕ್ಯಾನಿಂಗಿನ ಜೊತೆಗೆ ಬಳಸಿದಾಗ ಅದಕ್ಕೆ ಬೆಲೆಯಿದೆ. ತಾಯಿಯ ಕಡೆಯಲ್ಲೋ ತಂದೆಯ ಕಡೆಯಲ್ಲೋ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಹಲವರಿಗೆ ಬಂದಿದ್ದರೆ ಮಾತು ಬೇರೆ. 1994-95ರಲ್ಲಿ ಪತ್ತೆಯಾದ ಎರಡು ವಂಶವಾಹಿಗಳ ದೋಷ ಅಂಥ ಮನೆಗಳಲ್ಲಿ ಇಳಿದು ಬರುತ್ತಿರಬಹುದು. ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ನಮ್ಮ ದೇಶದಲ್ಲಿ ಇನ್ನೂ ಒಂದು ವೇಷಧಾರಿ ಇದೆ: ಹೊಟ್ಟೆಯ ಕ್ಷಯ. ಹೊಟ್ಟೆಯಲ್ಲಿ ನೀರು, ತೂಕ ಇಳಿತ, ಸ್ಕ್ಯಾನಿಂಗಿನಲ್ಲಿ ಗಡ್ಡೆಯಂಥ ನೆರಳು, ಸಿ.ಎ. 125 ನೂರಾರು. ಎಲ್ಲವೂ ಅಂಡಾಶಯದ ಕ್ಯಾನ್ಸರಿನಂತೆಯೇ. ಕ್ಯಾನ್ಸರ್ ಎಂದು ಹೊಟ್ಟೆ ತೆರೆದು, ಚೂರು ತೆಗೆದು ಪರೀಕ್ಷಿಸಿದಾಗ ಕ್ಷಯವೆಂದು ತಿಳಿದ ಪ್ರಸಂಗಗಳನ್ನು ಭಾರತದ ವೈದ್ಯರು ಮತ್ತೆಮತ್ತೆ ವರದಿ ಮಾಡಿದ್ದಾರೆ. ಅದಕ್ಕೆ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು, ಆದರೆ ವಾಸಿಯಾಗುವ ಕಾಯಿಲೆ. ಚೂರಿನ ಪರೀಕ್ಷೆಯಾಗದೆ ಯಾರೂ ತಮಗೆ ತಾವೇ ಮರಣಶಾಸನ ಬರೆದುಕೊಳ್ಳಬಾರದು ಎಂದು ವೈದ್ಯರು ಹೇಳುವುದು ಬರಿಯ ಸಮಾಧಾನಕ್ಕಲ್ಲ.

ಭಯಕ್ಕೂ ಮೌನಕ್ಕೂ ನಂಟು ಗಾಢ. ನಮ್ಮಲ್ಲಿ ಇಂದಿಗೂ ಕ್ಯಾನ್ಸರ್ ಎನ್ನದೆ ‘ಆ ಕಾಯಿಲೆ’ ಎನ್ನುವವರಿದ್ದಾರೆ. ಕನ್ನಡದ ವೈದ್ಯ ಲೇಖಕರು ‘ಏಡಿಗಂತಿ’ ಎಂಬ ಚಂದದ ಪದ ತಂದರು. ಗ್ರೀಕರ ಏಡಿಯೇ ನಮ್ಮ ಗಂತಿಯ ಜೊತೆ ಸೇರಿದ್ದು. ಅದು ಪುಸ್ತಕದಲ್ಲಿಯೇ ಉಳಿಯಿತು. ಹೆಣ್ಣಿನ ಒಳ ಅಂಗಗಳ ಹೆಸರಂತೂ ಬಾಯಿಗೇ ಬರುವುದಿಲ್ಲ. ಎಲ್ಲವೂ ‘ಹೊಟ್ಟೆ’. ಈ ಗೋಡೆಗೆ ಕನ್ನಡದಲ್ಲಿ ಕಿಂಡಿ ಕೊರೆದವರಲ್ಲಿ ಮುಖ್ಯರಾದವರು ಇದೇ ಸೀಮೆಯವರು. ನೆರೆಯ ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿದ ಡಾ. ಅನುಪಮಾ ನಿರಂಜನ. ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ ಪುಸ್ತಕಗಳಲ್ಲಿ ಹೆಣ್ಣಿನ ದೇಹದ ಭಾಗಗಳನ್ನು ಹೆಸರಿಟ್ಟು ಕರೆದರು. ಆ ಪುಸ್ತಕಗಳನ್ನು ಸೀರೆಗಳ ಅಡಿಯಲ್ಲಿಟ್ಟು ಓದಿದ ತಲೆಮಾರೊಂದು ಇದೆ. ಅವರನ್ನೂ ಕ್ಯಾನ್ಸರ್ ಕಾಡಿತು; 1991ರಲ್ಲಿ ತೀರಿಕೊಂಡರು.

ಇನ್ನು ಔಷಧದ ಮಾತು. ನೆಮ್ಮಾರಿನ ಸುತ್ತಣ ಪಶ್ಚಿಮಘಟ್ಟದ ಕಾಡಿಗೆ ಈ ರೋಗದೊಂದಿಗೆ ಒಂದು ವಿಚಿತ್ರ ಸಂಬಂಧವಿದೆ. 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಮುಂಬಯಿಯಲ್ಲಿ ಓದಿದ ಮನ್ಸುಖ್ ವಾಣಿ ಚೀನಾ ಮೂಲದ ಮರವೊಂದರಿಂದ ‘ಕ್ಯಾಂಪ್ಟೊಥೆಸಿನ್’ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ಕ್ಯಾನ್ಸರ್ ಕಣಗಳನ್ನು ಕೊಲ್ಲುವ ಗುಣ ಅದಕ್ಕಿತ್ತು. 1972ರಲ್ಲಿ ಟಿ.ಆರ್. ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ರಾಸಾಯನಿಕ ನಮ್ಮ ಘಟ್ಟದ ಮರವೊಂದರಲ್ಲಿ ಇನ್ನೂ ಧಾರಾಳವಾಗಿ ಇದೆಯೆಂದು ತೋರಿಸಿದರು. ಹೂವಿನ ಕೆಟ್ಟ ವಾಸನೆಯಿಂದಾಗಿ ಕನ್ನಡದಲ್ಲಿ ಅದಕ್ಕೆ ‘ದುರ್ವಾಸನೆ ಮರ’ ಎಂದೇ ಹೆಸರು. ಕ್ಯಾಂಪ್ಟೊಥೆಸಿನ್‌ನಿಂದ ರೂಪಿಸಿದ ‘ಟೊಪೊಟೆಕಾನ್’ ಎಂಬ ಔಷಧಕ್ಕೆ 1996ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಯಾವ ರೋಗಕ್ಕೆ? ಮೊದಲ ಚಿಕಿತ್ಸೆಗೆ ಬಗ್ಗದ ಅಂಡಾಶಯದ ಕ್ಯಾನ್ಸರಿಗೆ! 1992ರಲ್ಲಿ ಅದೇ ರೋಗಕ್ಕೆ ಬಂದ ಟ್ಯಾಕ್ಸಾಲ್ ಕೂಡ ವಾಲ್ ಮತ್ತು ವಾಣಿ ಜೋಡಿ ಗುರುತಿಸಿದ್ದೇ. ಬೇಡಿಕೆ ಬಂದದ್ದೇ ತಡ, ಕಂಪನಿಗಳಿಗಾಗಿ ದುರ್ವಾಸನೆ ಮರಗಳನ್ನು ಬುಡಸಹಿತ ಕಡಿಯಲಾಯಿತು. ಅದೀಗ ಅಳಿವಿನ ಅಪಾಯದ ಪಟ್ಟಿಯಲ್ಲಿದೆ. ತೋಟದ ಬೇಲಿಯಾಚೆ ನಿಂತ ಮರ ಏನೆಂದು ಇಲ್ಲಿ ಕೇಳಿದಾಗ, ಸೌದೆಗೂ ಬಾರದ ಮರ ಎಂಬ ಉತ್ತರ ಬಂತು.

ರೋಗ ಅಂಡಾಶಯದಲ್ಲೇ ಇರುವಾಗ ಸಿಕ್ಕರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ, ದೂರ ಹರಡಿದ ಮೇಲಾದರೆ ಸುಮಾರು ಮೂವತ್ತು ಮಂದಿ ಎಂದು ಅಮೆರಿಕದ ಅಂಕಿಅಂಶ ಹೇಳುತ್ತದೆ. ಘಟ್ಟ ಇಳಿಯುವ ಬಸ್ಸನ್ನು ಯಾವ ತಿಂಗಳು ಹತ್ತುತ್ತೇವೆ ಎಂಬ ಪ್ರಶ್ನೆಯ ತೂಕ ಇಷ್ಟು.

ನೆಮ್ಮಾರಿನ ಗೃಹಿಣಿ ಕೊನೆಗೂ ಹತ್ತಿದರು. ಕ್ಯಾಲೆಂಡರಿನ ಎರಡು ಹಾಳೆಗಳನ್ನು ಹರಿದು ಮಡಚಿ ಚೀಲದಲ್ಲಿಟ್ಟುಕೊಂಡಿದ್ದರು. ಒಂದರಲ್ಲಿ 14 ಸೊನ್ನೆ, ಇನ್ನೊಂದರಲ್ಲಿ 17. ಸ್ಕ್ಯಾನಿಂಗ್ ಆಯಿತು, ರಕ್ತ ಪರೀಕ್ಷೆಯಾಯಿತು, ಕರುಳಿನ ಒಳಗೆ ನಳಿಗೆ ಇಳಿಸಿಯೂ ನೋಡಿದರು. ಗಡ್ಡೆ ಇರಲಿಲ್ಲ. ಏನಿದೆ ಎಂಬುದಕ್ಕೆ ಮಾತ್ರ ಸ್ಪಷ್ಟ ಹೆಸರು ಸಿಗಲಿಲ್ಲ. ಕರುಳು ಸೂಕ್ಷ್ಮವಾಗಿದೆ, ಮನಸ್ಸು ಕಳವಳಗೊಂಡರೆ ಅದೂ ಕಳವಳಗೊಳ್ಳುತ್ತದೆ, ಹಾಗೆಂದು ನಿಮ್ಮ ನೋವು ಸುಳ್ಳಲ್ಲ ಎಂದು ವೈದ್ಯೆ ಹೇಳಿದರಂತೆ. ಮೂರು ತಿಂಗಳ ನಂತರ ಮತ್ತೆ ಬನ್ನಿ, ನಡುವೆ ಹೊಟ್ಟೆ ಬೆಳೆದರೆ, ತೂಕ ಇಳಿದರೆ, ಸೊನ್ನೆಗಳು ಹೆಚ್ಚಿದರೆ ಕಾಯಬೇಡಿ ಎಂದೂ ಹೇಳಿದರು.

ಖುಷಿಯಾಯಿತೇ ಎಂದು ಕೇಳಿದೆ. ಬರುವಾಗ ಬಸ್ಸಿನಲ್ಲಿ ಅತ್ತೆ ಎಂದರು. ಮೊದಲ ಒಂದು ವಾರ ಚೆನ್ನಾಗಿ ನಿದ್ದೆ ಬಂತಂತೆ, ಆಮೇಲೆ ಮತ್ತೆ ರಾತ್ರಿ ಕೈ ಕಿಬ್ಬೊಟ್ಟೆಗೆ ಹೋಗತೊಡಗಿತಂತೆ. ‘ಅವರಿಗೆ ಕಾಣದೆ ಇದ್ದದ್ದು ಏನಾದರೂ ಇದ್ದರೆ?’ ಎಂಬ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ಕಷಾಯ ಮುಂದುವರಿದಿದೆ. ಸೊನ್ನೆ ಹಾಕುವುದೂ ನಿಂತಿಲ್ಲ. ನಾನು ಹೋದ ತಿಂಗಳಲ್ಲಿ ಅವು ಒಂಬತ್ತಿದ್ದವು. ಹತ್ತನೆಯದನ್ನು ಹಾಕಿ, ಪೆನ್ಸಿಲನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿ, ಅವರು ಹಾಲು ಕಾಯಿಸಲು ಒಳಗೆ ಹೋದರು.